ಹಿತ್ತಿಲ ಹಳ್ಳ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ ಮನೆ ಹಿತ್ತಿಲಿನ ಪುಟ್ಟ ಹಳ್ಳದ ಫೋಟೊ ಹಾಕಿ ನಾಲ್ಕು ಸಾಲು ಬರೆದಿದ್ದೆ. ಮೈಸೂರಿನ ಹೊರವಲಯದಲ್ಲಿ 40×60 ಅಡಿ ಸೈಟು. ಮನೆ ಕಟ್ಟಿ ಹಿಂದೆ ಉಳಿದ ಜಾಗದಲ್ಲಿ ನಾವೇ ಮಾಡಿಕೊಂಡ 7 ಮೀಟರ್ ಉದ್ದದ ಹರಿವು, ಅಷ್ಟೇ. ಅದಕ್ಕೆ ಇಷ್ಟೊಂದು ಕಾಗದ ಬಂದಿವೆ. ಓದಿ ಮನಸ್ಸು ತುಂಬಿತು. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ, ಹೆಚ್ಚು ಜನ ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ನನ್ನ ಬಗ್ಗೆ ಒಂದು ಮಾತು. ನಾನು ಹುಟ್ಟಿ ಬೆಳೆದದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಸೀಳಿ ತಿರುಳು ತೆಗೆದ ಅಡಿಕೆ ಮರದಲ್ಲಿ ಹರಿದು ಅಬ್ಬಿ ನೀರು ಬಚ್ಚಲ ತನಕ ಬರುತ್ತಿತ್ತು. ತೋಟದ ಕೆಳಗೆ ಹಳ್ಳ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಬಹಳ ವರ್ಷ ಆ ಸದ್ದು ಇಲ್ಲದೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು.

ಪ್ರಶ್ನೆ: ಮೇಡಂ, ನಾವೂ ಹಿತ್ತಿಲಲ್ಲಿ ಝರಿ ಮಾಡಿಸಿದೆವು. ಸಿಮೆಂಟ್ ಹಾಕಿ ಎರಡೂ ಕಡೆ ಬಿಳಿ ಗುಂಡುಕಲ್ಲು ಜೋಡಿಸಿದ್ದಾರೆ. ಖರ್ಚು ಜಾಸ್ತಿಯೇ ಆಯಿತು. ಆದರೆ ನೋಡಿದವರೆಲ್ಲ ‘ಚರಂಡಿ ಚೆನ್ನಾಗಿದೆ’ ಅಂತಾರೆ. ಬೇಸರವಾಗಿದೆ. ಎಲ್ಲಿ ತಪ್ಪಾಯಿತು? (ಮೈಸೂರು)

ಉತ್ತರ: ನೀವು ಕಳಿಸಿದ ಫೋಟೊ ನೋಡಿದೆ. ಬೇಸರ ಬೇಡ, ಸರಿ ಮಾಡಬಹುದು. ನಿಮ್ಮ ಝರಿಯ ಅಗಲ ಉದ್ದಕ್ಕೂ ಒಂದೇ ಇದೆ. ಕಲ್ಲುಗಳೆಲ್ಲ ಒಂದೇ ಗಾತ್ರ, ದಂಡೆಯ ಮೇಲೆ ಮಣಿ ಪೋಣಿಸಿದ ಹಾಗೆ ಕೂತಿವೆ. ಯಾವ ಕಲ್ಲಿಗೂ ನೀರಿಗೂ ಸಂಬಂಧವಿಲ್ಲ. ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಗುದ್ದಲಿ ಹಿಡಿಯುವ ಮೊದಲು ಒಂದು ನಿಜವಾದ ಹಳ್ಳದ ಪಕ್ಕ ಅರ್ಧ ದಿನ ಕೂರಬೇಕು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಜನವರಿ, ಫೆಬ್ರುವರಿ ಒಳ್ಳೆಯ ಕಾಲ. ನೀರು ಇಳಿದು ತಿಳಿಯಾಗಿರುತ್ತದೆ, ತಳ ಕಾಣುತ್ತದೆ. ಶಿರಸಿ ಹತ್ತಿರ ಸಹಸ್ರಲಿಂಗಕ್ಕೆ ಹೋದವರು ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳನ್ನು ನೋಡಿ ಬರುತ್ತಾರೆ. ಇನ್ನೊಮ್ಮೆ ಹೋದಾಗ ಆ ಬಂಡೆಗಳ ನಡುವೆ ನೀರು ಹೇಗೆ ದಾರಿ ಮಾಡಿಕೊಂಡಿದೆ ಅನ್ನುವುದನ್ನೂ ನೋಡಿ.

ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಒಂದು ಬಂಡೆ ಇದೆ. ಮಲಗಿದ ಎಮ್ಮೆಕರುವಿನಷ್ಟು ದೊಡ್ಡದು. ಅದರ ಎರಡೂ ಪಕ್ಕ ನೀರು ಬಿರುಸಾಗಿ ನುಗ್ಗಿ ನೆಲ ಕೊರೆದಿದೆ, ಅಲ್ಲಿ ಮೊಣಕಾಲು ಮುಳುಗುತ್ತದೆ. ಬಂಡೆಯ ಬೆನ್ನಿಗೆ, ನೀರಿನ ರಭಸ ತಾಗದ ಮರೆಯಲ್ಲಿ, ಮೊರದಷ್ಟು ಜಾಗದಲ್ಲಿ ನುಣ್ಣನೆ ಮರಳು ನಿಂತಿದೆ. ಆ ಮರಳಿನ ಮೇಲೆ ಏಡಿ ನಡೆದ ಗೆರೆಗಳು. ಹತ್ತು ಹೆಜ್ಜೆ ಕೆಳಗೆ ಹಳ್ಳ ತಿರುಗುತ್ತದೆ. ತಿರುವಿನ ಹೊರಗಡೆ ದಂಡೆ ಕಡಿದಾಗಿ ಬೇರುಗಳು ಹೊರಬಿದ್ದಿವೆ, ಅಲ್ಲೇ ನೀರು ಆಳ. ಒಳಗಡೆ ಸಣ್ಣ ಕಲ್ಲು, ಮರಳು ಮೆಲ್ಲಗೆ ಇಳಿಜಾರಾಗಿ ನೀರಿಗೆ ಸೇರುತ್ತದೆ. ಆಮೇಲೆ ನಾಲ್ಕು ದೊಡ್ಡ ಕಲ್ಲುಗಳು ಅಡ್ಡಕ್ಕೆ ಒಂದಕ್ಕೊಂದು ಕಚ್ಚಿಕೊಂಡು ಒಂದು ಮೆಟ್ಟಿಲು. ಮೆಟ್ಟಿಲ ಕೆಳಗೆ ಗುಂಡಿ. ಗುಂಡಿ ದಾಟಿದರೆ ಮತ್ತೆ ತೆಳ್ಳಗೆ ಕಲ್ಲಿನ ಮೇಲೆ ಹರಿವು. ಹಳ್ಳಗಳನ್ನು ಅಳೆದು ನೋಡಿದವರು ಹೇಳುವ ಪ್ರಕಾರ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಹಳ್ಳದ ಅಗಲದ 5ರಿಂದ 7 ಪಟ್ಟು ದೂರ ಇರುತ್ತದೆ. ಕಡಿದಾದ ಜಾಗದಲ್ಲಿ ಗುಂಡಿಗಳು ಇನ್ನೂ ಹತ್ತಿರ ಬರುತ್ತವೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳ್ಳದಲ್ಲಿ ಪ್ರತಿ ಕಲ್ಲೂ ಅಲ್ಲಿರುವುದಕ್ಕೆ ಒಂದು ಕಾರಣ ಇರುತ್ತದೆ. ನೀರು ಅದನ್ನು ತಂದಿಟ್ಟಿರಬೇಕು, ಇಲ್ಲ ಅದು ಜಗ್ಗದೆ ಕೂತು ನೀರನ್ನೇ ತಿರುಗಿಸಿರಬೇಕು. ನೀವು ಕಲ್ಲು ಇಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೊಂದೇ. ತಿರುವು ಬೇಕಾ? ಹಾಗಾದರೆ ತಿರುಗಿಸುವ ಬಂಡೆಯೊಂದನ್ನು ಹೊರಗಡೆ ಇಡಿ. ಸುಮ್ನೆ ಹಾವಿನ ಹಾಗೆ ಬಳುಕಿಸಿದರೆ ಅದು ಪಾರ್ಕಿನ ದಾರಿಯಂತೆ ಕಾಣುತ್ತದೆ.

ಈಗ ನಿಮ್ಮ ಝರಿಗೆ ಬರೋಣ. ಸಿಮೆಂಟ್ ಒಡೆಯಬೇಡಿ, ತಳ ಗಟ್ಟಿಯಿದೆ. ಬಿಳಿಕಲ್ಲನ್ನೆಲ್ಲ ತೆಗೆಯಿರಿ. ಬೂದು ಬಣ್ಣದ ಕಾಡುಗಲ್ಲು ತನ್ನಿ, ಒಂದೇ ಜಾತಿಯದಾಗಿರಲಿ. ಗಾತ್ರ ಮಾತ್ರ ಬೇರೆ ಬೇರೆ: ಇಬ್ಬರು ಸೇರಿ ಎತ್ತುವಂಥವು ಏಳೆಂಟು, ತೆಂಗಿನಕಾಯಿ ಗಾತ್ರದವು ಮೂವತ್ತು ನಲವತ್ತು, ಆಮೇಲೆ ಜಲ್ಲಿ ಮೂಟೆಗಟ್ಟಲೆ. ದೊಡ್ಡವನ್ನು ಮೊದಲು ಕೂರಿಸಿ. ಪ್ರತಿ ದೊಡ್ಡ ಕಲ್ಲಿನ ಮೂರನೇ ಒಂದು ಭಾಗ ಮಣ್ಣೊಳಗೆ ಹೋಗಬೇಕು. ನೆಲದ ಮೇಲೆ ಇಟ್ಟ ಕಲ್ಲು ‘ಇಟ್ಟ’ ಹಾಗೇ ಕಾಣುತ್ತದೆ. ಒಂದೆರಡು ಬಂಡೆಗಳು ನೀರಿಂದ ದೂರ, ಗಿಡಗಳ ನಡುವೆ ಅರ್ಧ ಹೂತುಕೊಂಡಿರಲಿ. ಅಗಲ ಹೆಚ್ಚುಕಡಿಮೆ ಆಗಲಿ. ನಮ್ಮಲ್ಲಿ ಕುತ್ತಿಗೆಯಂಥ ಜಾಗದಲ್ಲಿ 30 ಸೆಂ.ಮೀ., ಗುಂಡಿಯ ಹತ್ತಿರ 90.

ಇನ್ನೊಂದು. ನಿಮ್ಮ ಝರಿ ಸಮತಟ್ಟು ಹಿತ್ತಿಲಿನ ನಡುವೆ ಒಂದು ಗುಡ್ಡೆಯ ತುದಿಯಿಂದ ಹುಟ್ಟುತ್ತಿದೆ. ಒರತೆ ಗುಡ್ಡದ ನೆತ್ತಿಯಲ್ಲಿ ಹುಟ್ಟುವುದಿಲ್ಲ, ಮಗ್ಗುಲಲ್ಲಿ ಹುಟ್ಟುತ್ತದೆ. ಗುಡ್ಡೆಯನ್ನು ಕಾಂಪೌಂಡ್ ಗೋಡೆಯ ತನಕ ಹಿಂದಕ್ಕೆ ಎಳೆದು ಅಗಲ ಮಾಡಿ, ಪೊದೆ ನೆಡಿ. ಪೈಪಿನ ಬಾಯನ್ನು ಒಂದು ಚಪ್ಪಡಿಯ ಅಡಿಯಲ್ಲಿ, ಜರಿಗಿಡದ ನೆರಳಿನಲ್ಲಿ ಮುಚ್ಚಿಡಿ. ನೀರು ಎಲ್ಲಿಂದ ಬಂತು ಅಂತ ಗೊತ್ತಾಗಬಾರದು.

ಪ್ರಶ್ನೆ: ನಮ್ಮೂರಿಂದ ಕಾವೇರಿ ನಾಲ್ಕು ಕಿಲೋಮೀಟರ್. ಒಂದು ಟ್ರ್ಯಾಕ್ಟರ್ ಹೊಳೆಕಲ್ಲು, ಮರಳು ತಂದುಬಿಟ್ಟರೆ ಆಗುತ್ತಾ? (ಶ್ರೀರಂಗಪಟ್ಟಣ ತಾಲ್ಲೂಕು)

ಉತ್ತರ: ದಯವಿಟ್ಟು ಬೇಡ. ಪರವಾನಗಿ ಇಲ್ಲದೆ ಹೊಳೆಯ ಮರಳು ತೆಗೆಯುವುದು ಅಪರಾಧ, ಅದು ನಿಮಗೂ ಗೊತ್ತಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊಳೆಯ ಕಲ್ಲೊಂದನ್ನು ಮಗುಚಿ ನೋಡಿ. ಅಡಿಯಲ್ಲಿ ಅಂಟಿಕೊಂಡ ಹುಳು, ಮೊಟ್ಟೆ, ಬೆರಳುದ್ದದ ಮೀನು ಇರುತ್ತವೆ. ಅವುಗಳ ಮನೆಯ ಚಾವಣಿಯನ್ನು ಕಿತ್ತು ನಮ್ಮ ಹಿತ್ತಿಲು ಚಂದ ಮಾಡುವುದು ನನಗೆ ಒಪ್ಪಿತವಲ್ಲ.

ಹೊಲದ ಬದುವಿನಲ್ಲಿ ನೋಡಿ. ಉಳುವಾಗ ಎದ್ದ ಕಲ್ಲನ್ನು ರೈತರು ತಲೆತಲಾಂತರದಿಂದ ಬದುವಿಗೆ ಎಸೆದು ಗುಡ್ಡೆ ಮಾಡಿರುತ್ತಾರೆ. ಬಿಸಿಲು ಮಳೆ ತಿಂದು ಮೂಲೆಗಳು ಸವೆದಿರುತ್ತವೆ, ಮೇಲೆ ಬೂದು ಹಸಿರು ಪಾಚಿಯ ಮಚ್ಚೆ. ಅವೇ ಅತ್ಯುತ್ತಮ ಕಲ್ಲು. ಕೇಳಿ, ದುಡ್ಡು ಕೊಟ್ಟು ತನ್ನಿ. ನಾವು ಹಾಗೇ ಮಾಡಿದ್ದು. ಆದರೆ ಇಡೀ ಗುಡ್ಡೆ ಖಾಲಿ ಮಾಡಬೇಡಿ, ಅದರೊಳಗೂ ಹಾವುರಾಣಿ, ಮುಂಗುಸಿ ವಾಸ ಮಾಡುತ್ತಿರುತ್ತವೆ.

ಪ್ರಶ್ನೆ: ಎಷ್ಟು ದೊಡ್ಡ ಪಂಪ್ ಬೇಕು? ಕರೆಂಟ್ ಬಿಲ್ ಎಷ್ಟು ಬರುತ್ತದೆ? ಹಾಸುವುದಕ್ಕೆ ಯಾವ ಶೀಟು? ಲೆಕ್ಕ ಸಮೇತ ತಿಳಿಸಿ. (ತುಮಕೂರು)

ಉತ್ತರ: ನೀರು ಧುಮುಕುವ ಕಡೆ ಅಂಚಿನ ಅಗಲ ಅಳೆಯಿರಿ. ಪ್ರತಿ ಸೆಂಟಿಮೀಟರಿಗೆ ಗಂಟೆಗೆ ಸುಮಾರು 150 ಲೀಟರ್ ಹಿಡಿಯಿರಿ. ನಮ್ಮಲ್ಲಿ 30 ಸೆಂ.ಮೀ., ಹಾಗಾಗಿ ಗಂಟೆಗೆ 4500 ಲೀಟರ್. ಪಂಪಿನ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಸಂಖ್ಯೆ ಎತ್ತರವೇ ಇಲ್ಲದಾಗ ಬರುವ ನೀರಿನದು. ಅದನ್ನು ನಂಬಿ ಮೋಸ ಹೋಗಬೇಡಿ. ಪಂಪು ಕೂತಿರುವುದು ಹಳ್ಳದ ಕೊನೆಯ ತೊಟ್ಟಿಯಲ್ಲಿ, ಅಲ್ಲಿಂದ ಅದು ನೀರನ್ನು ಮತ್ತೆ ಹಳ್ಳದ ತಲೆಗೆ ಏರಿಸುತ್ತದೆ. ಹಾಗಾಗಿ ತೊಟ್ಟಿಯ ಆಳ, ಹಳ್ಳದ ಏರು ಎರಡನ್ನೂ ಕೂಡಿಸಿ, ಆ ಎತ್ತರಕ್ಕೆ ಎಷ್ಟು ಕೊಡುತ್ತದೆ ಅಂತ ಅಂಗಡಿಯಲ್ಲಿ ಕೇಳಿ. ನಮ್ಮದು ತೊಟ್ಟಿ 90 ಸೆಂ.ಮೀ., ಏರು 60 ಸೆಂ.ಮೀ., ಒಟ್ಟು ಒಂದೂವರೆ ಮೀಟರ್. ಪೈಪು ಒಂದೂವರೆ ಇಂಚಿನದು. ಸಣ್ಣ ಪೈಪು ಹಾಕಿದರೆ ಪಂಪು ಒದ್ದಾಡುತ್ತದೆ, ನೀರು ಬರುವುದಿಲ್ಲ.

80 ವಾಟಿನ ಪಂಪು ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 19 ಯೂನಿಟ್ ಹತ್ತಿರ. ಬೆಳಿಗ್ಗೆ 6ರಿಂದ 10, ಸಂಜೆ 5ರಿಂದ 9 ಟೈಮರ್ ಹಾಕಿದ್ದೇನೆ. ನೀರಿನಲ್ಲಿ ಕರೆಂಟಿನ ವಿಷಯ, ಆದ್ದರಿಂದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ತಕ್ಷಣ ತಾನೇ ಆರುವ ಸ್ವಿಚ್ಚು) ಇಲ್ಲದೆ ಪಂಪು ಹಾಕಲೇಬೇಡಿ. ಇದರಲ್ಲಿ ಮಾತ್ರ ಉಳಿತಾಯ ನೋಡಬಾರದು.

ಕೆಳಗಿನ ತೊಟ್ಟಿಗೆ ನಾಲ್ಕಡಿ ಅಗಲದ, ಒಂದಡಿ ಎತ್ತರದ 3 ಸಿಮೆಂಟ್ ರಿಂಗ್ ಇಳಿಸಿದ್ದೇವೆ. ಸಾವಿರ ಲೀಟರ್ ಚಿಲ್ಲರೆ ಹಿಡಿಯುತ್ತದೆ. ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಕಲ್ಲು. ನೀರು ಕಲ್ಲಿನ ಸಂದಿಯಲ್ಲಿ ಮಾಯವಾಗುತ್ತದೆ, ಮಕ್ಕಳು ಬೀಳುವ ಭಯವೂ ಇಲ್ಲ. ಪಂಪು ಶುರುವಾದಾಗ ಹಳ್ಳದ ತುಂಬ ನೀರು ಹರಡಿಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ 7 ಮೀಟರ್ ಉದ್ದ, ಸರಾಸರಿ 60 ಸೆಂ.ಮೀ. ಅಗಲ, 5 ಸೆಂ.ಮೀ. ನೀರು, ಅಂದರೆ 210 ಲೀಟರ್. ತೊಟ್ಟಿ ಅದರ ಎರಡು ಮೂರು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಪಂಪು ಒಣಗಿ ಸುಡುತ್ತದೆ.

ಶೀಟಿಗೆ 1 ಮಿ.ಮೀ. ಇಪಿಡಿಎಂ ರಬ್ಬರ್ ಚೆನ್ನ, ಬಟ್ಟೆಯ ಹಾಗೆ ಮಡಚುತ್ತದೆ, ಆದರೆ ದುಬಾರಿ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಎಚ್‌ಡಿಪಿಇ ಪ್ಲಾಸ್ಟಿಕ್ ಕೂಡ ಆಗುತ್ತದೆ, ಸ್ವಲ್ಪ ಗಡಸು. ಅಡಿಯಲ್ಲಿ ಎರಡು ಇಂಚು ಮರಳು, ಅದರ ಮೇಲೆ ಹಳೇ ಫ್ಲೆಕ್ಸ್ ಹಾಸಿ. ಅಗಲದ ಲೆಕ್ಕ: ಹಳ್ಳದ ಅಗಲ, ಆಳದ ಎರಡರಷ್ಟು, ಎರಡೂ ದಂಡೆಗೆ ತಲಾ 30 ಸೆಂ.ಮೀ. ಹಾಗೆ ನಮಗೆ 60, 50, 60 ಕೂಡಿ 170 ಸೆಂ.ಮೀ. ಬಂತು. ಗುಂಡಿಗಳ ಹತ್ತಿರ ಜಾಸ್ತಿ ಬೇಕಾಯಿತು.

ಒಂದು ಮುಖ್ಯ ವಿಷಯ ಮರೆಯಬೇಡಿ. ಉದ್ದಕ್ಕೂ ಜಾರುಬಂಡೆಯ ಹಾಗೆ ಇಳಿಜಾರು ಮಾಡಬೇಡಿ. 60 ಸೆಂ.ಮೀ. ಏರನ್ನು ನಾವು 15 ಸೆಂ.ಮೀ.ನ ನಾಲ್ಕು ಮೆಟ್ಟಿಲು ಮಾಡಿದೆವು. ಮೆಟ್ಟಿಲುಗಳ ನಡುವಿನ ನೆಲ ಮಟ್ಟಸ, ಸ್ವಲ್ಪ ತಗ್ಗು. ಹಾಗಾಗಿ ಪಂಪು ನಿಂತಾಗಲೂ ಗುಂಡಿಗಳಲ್ಲಿ ನೀರು ಉಳಿಯುತ್ತದೆ. ಮಧ್ಯಾಹ್ನ ಪಂಪು ಓಡದ ಹೊತ್ತಲ್ಲಿ ಗುಬ್ಬಚ್ಚಿಗಿಂತ ಪುಟ್ಟ ಮುನಿಯಾ ಹಕ್ಕಿಗಳು ಅಲ್ಲಿ ಸ್ನಾನಕ್ಕೆ ಇಳಿಯುತ್ತವೆ.

ಪ್ರಶ್ನೆ: ಅಕ್ಕಾ, ದಿನಾ ನೀರು ಕಡಿಮೆಯಾಗುತ್ತಿದೆ. ಶೀಟು ತೂತಾಗಿದೆಯಾ? ಎಲ್ಲ ಕಿತ್ತು ನೋಡಬೇಕಾ? (ಹಾಸನ)

ಉತ್ತರ: ಕೀಳಬೇಡಿ. ಮೊದಲು ಎಷ್ಟು ಕಡಿಮೆಯಾಗುತ್ತಿದೆ ಅಂತ ಅಳೆಯಿರಿ. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾಗುವುದು ಸಹಜ. ನಮ್ಮಷ್ಟು ಹಳ್ಳಕ್ಕೆ ಅದು 25 ಲೀಟರ್, ಎರಡು ಬಿಂದಿಗೆ. ಗಿಡ ಕುಡಿಯುವುದು, ಸಿಡಿಯುವುದು ಸೇರಿದರೆ ಇನ್ನೊಂದು ಬಿಂದಿಗೆ. ಅಷ್ಟಕ್ಕೆ ಚಿಂತೆ ಬೇಡ.

ನಮ್ಮಲ್ಲಿ ಮೊದಲ ವರ್ಷ ದಿನಕ್ಕೆ 150 ಲೀಟರ್ ಹೋಗುತ್ತಿತ್ತು. ಕುಡಿಯುವ ನೀರಿಗೆ ಕಾಯುವ ಊರುಗಳಿರುವಾಗ ಹೀಗೆ ಪೋಲು ಮಾಡುತ್ತಿದ್ದೇನಲ್ಲ ಅಂತ ಸಂಕಟವಾಗುತ್ತಿತ್ತು. ಒಂದು ಸಂಜೆ ಪಂಪು ನಿಲ್ಲಿಸಿ ದಂಡೆಯುದ್ದಕ್ಕೂ ಮಣ್ಣು ಮುಟ್ಟಿ ನೋಡುತ್ತಾ ಹೋದೆ. ಎರಡನೇ ಮೆಟ್ಟಿಲ ಬಳಿ ಶೀಟಿನ ಆಚೆಗಿನ ಮಣ್ಣು ತಣ್ಣಗೆ ಒದ್ದೆ. ಅಲ್ಲಿ ಒಂದೆಲಗದ ಬಳ್ಳಿ ನೀರಿನಿಂದ ಹತ್ತಿ ಅಂಚು ದಾಟಿ ಹೊರಗಿನ ಮಣ್ಣಿಗೆ ಬೇರು ಬಿಟ್ಟಿತ್ತು. ಅದರ ಮೇಲೆ ಬೆರಳು ದಪ್ಪ ಪಾಚಿ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಆ ಪಾಚಿ ರಾತ್ರಿ ಹಗಲು ನೀರನ್ನು ಹೊರಗೆ ಎಳೆಯುತ್ತಿತ್ತು. ಕೈಯಗಲ ಪಾಚಿ ಕೆರೆದು, ಶೀಟಿನ ಅಂಚನ್ನು ಎರಡು ಇಂಚು ಮೇಲಕ್ಕೆತ್ತಿ ಹಿಂದಿನಿಂದ ಮಣ್ಣು ಕೊಟ್ಟೆ. ಅಲ್ಲಿಗೇ ಮುಕ್ಕಾಲು ಭಾಗ ನಿಂತಿತು.

ನೀವೂ ಪಂಪು ನಿಲ್ಲಿಸಿ ಒಂದು ದಿನ ಬಿಡಿ. ಗುಂಡಿಗಳಲ್ಲಿ ನೀರು ಹಾಗೇ ನಿಂತರೆ ಶೀಟು ಸರಿಯಿದೆ, ಸೋರುವುದು ಅಂಚಿನಲ್ಲಿ ಅಥವಾ ಧುಮುಕುವ ಕಡೆ. ಒಂದು ಗುಂಡಿ ಮಾತ್ರ ಇಳಿದರೆ ಅಲ್ಲಿ ಮಾತ್ರ ಹುಡುಕಿ, ನೀರು ಎಲ್ಲಿ ನಿಲ್ಲುತ್ತದೋ ತೂತು ಆ ಮಟ್ಟದಲ್ಲಿರುತ್ತದೆ. ಹೆಗ್ಗಣದ ಬಿಲ ಹತ್ತಿರದಲ್ಲಿದೆಯಾ ಅಂತಲೂ ನೋಡಿ.

ಪ್ರಶ್ನೆ: ನೀರು ಹಸಿರಾಗಿತ್ತು ಅಂತ ತೋಟದ ಮೈಲುತುತ್ತ ಒಂದು ಚಿಟಿಕೆ ಹಾಕಿದೆ. ಪಾಚಿ ಹೋಯಿತು, ಬಸವನಹುಳುಗಳೂ ಸತ್ತವು, ಮೀನು ಕೂಡ. ಈಗ ಸೊಳ್ಳೆ. ಏನು ಮಾಡಲಿ? (ತೀರ್ಥಹಳ್ಳಿ)

ಉತ್ತರ: ಅಯ್ಯೋ, ಮೈಲುತುತ್ತ ತಾಮ್ರ ಅಲ್ವಾ. ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ ಅದು ಸರಿ. ಇಷ್ಟು ಕಡಿಮೆ ನೀರಿನಲ್ಲಿ ಬಸವನಹುಳು, ಮೀನು ತಡೆಯುವುದಿಲ್ಲ. ಆ ನೀರನ್ನು ಪೂರ್ತಿ ಖಾಲಿ ಮಾಡಿ, ತೋಟದ ಹಳ್ಳಕ್ಕೆ ಮಾತ್ರ ಬಿಡಬೇಡಿ. ಜಲ್ಲಿ ತೊಳೆಯಿರಿ, ಹೊಸ ನೀರು ತುಂಬಿಸಿ ಎರಡು ಮೂರು ಸಲ ಬದಲಿಸಿ.

ಹೊಸ ಹಳ್ಳ ಮೊದಲ ಎರಡು ತಿಂಗಳು ಹಸಿರಾಗುತ್ತದೆ. ಸಹಿಸಿಕೊಳ್ಳಿ. ಗಿಡ ಬೇರು ಬಿಟ್ಟ ಮೇಲೆ ತಾನೇ ತಿಳಿಯಾಗುತ್ತದೆ. ಬಜೆ, ನೀರುಬ್ರಾಹ್ಮಿ, ಕೆಸು ದಂಡೆಯ ಜಲ್ಲಿಯಲ್ಲೇ ಬರುತ್ತವೆ. ಮಣ್ಣು, ಗೊಬ್ಬರ ಹಾಕಬೇಡಿ, ಅದೇ ಪಾಚಿಗೆ ಊಟ. ತಾವರೆ, ನೈದಿಲೆಗೆ ಹರಿವ ನೀರು ಹಿಡಿಸುವುದಿಲ್ಲ. ಅಂತರಗಂಗೆಯನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ತರಬೇಡಿ, ತಿಂಗಳಲ್ಲಿ ಎಲ್ಲ ಮುಚ್ಚಿಬಿಡುತ್ತದೆ.

ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವುದಕ್ಕೆ ನಮ್ಮ ಹವೆಯಲ್ಲಿ 7ರಿಂದ 10 ದಿನ, ನಿಂತ ನೀರೇ ಬೇಕು. ದಿನಾ ಪಂಪು ಓಡಿದರೆ ಅರ್ಧ ಸಮಸ್ಯೆ ಇಲ್ಲ. ಊರಿಗೆ ಹೋಗುವಾಗ ಪಂಪು ಆರಿಸಿ ಹೋಗುವುದೇ ತಪ್ಪು. ಉಳಿದದ್ದಕ್ಕೆ ಮೀನು. ಗಂಬೂಸಿಯಾ ಬೇಡ, ಅದು ಅಮೆರಿಕದ್ದು, ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ. ಪ್ಯಾಂಚಾಕ್ಸ್ ಅಂತ ನಮ್ಮ ಕಡೆಯದೇ ಪುಟ್ಟ ಮೀನಿದೆ, ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುತ್ತದೆ, ನೀರಿನ ಮೇಲ್ಮೈಯಲ್ಲೇ ಓಡಾಡಿಕೊಂಡು ಸೊಳ್ಳೆಮರಿ ಹಿಡಿಯುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರಿನೊಳಗೆ ಅದೇ ಕೆಲಸ ಮಾಡುತ್ತವೆ. ಎಲ್ಲಾದರೂ ಹೊಸದಾಗಿ ಸಿಮೆಂಟ್ ಬಳಸಿದ್ದರೆ ಅದರ ಸುಣ್ಣ ಬಿಡುವ ತನಕ ಮೀನು ಬಿಡಬೇಡಿ.

ಪ್ರಶ್ನೆ: ಅಕ್ಕಾರ, ನಮ್ಮಲ್ಲಿ ಕುಡಿಯೂ ನೀರಿಗೇ ಕಾಯ್ಕೊಂಡು ಕುಂಡ್ರತೀವಿ. ನೀವು ಹಳ್ಳ ಹರಸೂದು ನೋಡಿ ಆಸೆ ಆತು. ನಮ್ಮಂಥವರಿಗೆ ಏನರ ದಾರಿ ಅದ ಏನು? (ಧಾರವಾಡ)

ಉತ್ತರ: ಇದೆ, ಮತ್ತು ನನಗೆ ಅದೇ ಹೆಚ್ಚು ಇಷ್ಟ. ಒಣ ಹಳ್ಳ ಮಾಡಿ. ಶೀಟು ಬೇಡ, ಪಂಪು ಬೇಡ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ, ನೀರು ತಾನಾಗಿ ಎಲ್ಲಿ ಓಡುತ್ತದೆ ನೋಡಿ, ಅಲ್ಲಲ್ಲಿ ಕಡ್ಡಿ ಚುಚ್ಚಿ ಬನ್ನಿ. ಅದೇ ನಿಮ್ಮ ಹಳ್ಳದ ನಕ್ಷೆ. ಆ ಗೆರೆಯಲ್ಲಿ ಒಂದಡಿ ಅಗೆದು, ಮೇಲೆ ಹೇಳಿದ ಹಾಗೆ ಬಂಡೆ, ಕಲ್ಲು, ಜಲ್ಲಿ ಕೂರಿಸಿ. ತಾರಸಿಯ ಪೈಪನ್ನು ಅದಕ್ಕೆ ಬಿಡಿ. ಸಾವಿರ ಚದರಡಿ ತಾರಸಿಯ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ 900 ಲೀಟರಿಗಿಂತ ಹೆಚ್ಚು ನೀರು ಸಿಗುತ್ತದೆ. ಅಷ್ಟೂ ನಿಮ್ಮ ಹಳ್ಳದಲ್ಲಿ ಓಡಿ ಕೊನೆಯ ಇಂಗುಗುಂಡಿಗೆ ಸೇರಲಿ. ಎರೆಮಣ್ಣಾದರೆ ಮನೆಯ ಬುನಾದಿಯಿಂದ ಕನಿಷ್ಠ 3 ಮೀಟರ್ ದೂರ ಇರಲಿ, ಆ ಮಣ್ಣು ನೀರು ಕುಡಿದು ಉಬ್ಬುತ್ತದೆ. ದಂಡೆಗೆ ಲಾವಂಚ ನೆಡಿ. ಒಣಗಿದ ದಿನಗಳಲ್ಲೂ ನೋಡುವುದಕ್ಕೆ ಬೇಸಿಗೆಯ ಹಳ್ಳದಂತೆಯೇ ಇರುತ್ತದೆ, ಮೊದಲ ಮಳೆಗೆ ಸದ್ದು ಮಾಡುತ್ತದೆ.

ಪ್ರಶ್ನೆ: ನಮ್ಮ ಮನೆ ಹಿಂದೆ ನಿಜವಾದ ಹಳ್ಳವೇ ಇದೆ. ಮಳೆಗಾಲದಲ್ಲಿ ದಂಡೆ ಕೊರೆಯುತ್ತದೆ. ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟಿ ನೇರ ಮಾಡಿ, ಚಂದದ ತೊರೆ ಮಾಡೋಣ ಅಂತ ಮಗ ಹೇಳುತ್ತಾನೆ. (ಸಾಗರ ತಾಲ್ಲೂಕು)

ಉತ್ತರ: ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಾವು ಶೀಟು, ಪಂಪು, ಟ್ರ್ಯಾಕ್ಟರ್ ಕಲ್ಲು ಎಲ್ಲ ಸೇರಿಸಿ ಯಾವುದನ್ನು ಅನುಕರಿಸುತ್ತಿದ್ದೇವೋ ಅದು ನಿಮ್ಮ ಹಿತ್ತಿಲಲ್ಲೇ ಇದೆ. ನೇರ ಮಾಡಬೇಡಿ. ತಿರುವು ತೆಗೆದರೆ ನೀರಿನ ಓಟ ಹೆಚ್ಚುತ್ತದೆ, ನಿಮ್ಮ ದಂಡೆ ಉಳಿದರೂ ಕೆಳಗಿನವರ ತೋಟ ಕೊರೆಯುತ್ತದೆ. ಕಾಂಕ್ರೀಟ್ ಹಾಕಿದ ಕಡೆ ನೀರು ಇಂಗುವುದಿಲ್ಲ, ಪಕ್ಕದ ಬಾವಿಗೂ ಅದರ ಏಟು ಬೀಳುತ್ತದೆ. ಜೊತೆಗೆ ಸರ್ವೆ ನಕ್ಷೆಯಲ್ಲಿ ಇಂಥ ಹಳ್ಳಗಳು ಬಿ ಖರಾಬಿನಲ್ಲಿರುವುದೇ ಹೆಚ್ಚು. ಅದು ಸಾರ್ವಜನಿಕ ಜಾಗ, ಕಟ್ಟುವ ಹಕ್ಕು ನಮಗಿರುವುದಿಲ್ಲ. ನಿಮ್ಮ ನಕ್ಷೆ ತೆಗೆಸಿ ನೋಡಿ.

ಹೆಚ್ಚಾಗಿ ಕೊರೆಯುವುದು ತಿರುವಿನ ಹೊರದಂಡೆ. ಅಲ್ಲಿ ಸಿಮೆಂಟಿಲ್ಲದೆ ದೊಡ್ಡ ಕಲ್ಲುಗಳನ್ನು ಒಳಕ್ಕೆ ವಾಲಿಸಿ ಕಚ್ಚಿಸಿ, ಸಂದಿಗೆ ಲಾವಂಚ, ಮೇಲೆ ವಾಟೆ ಬಿದಿರು, ಕೇದಗೆ ಜಾತಿಯ ಮುಂಡಿಗೆ ನೆಡಿ. ಎರಡು ಮಳೆಗಾಲದಲ್ಲಿ ಬೇರು ಹಿಡಿಯುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅನ್ನುವ ಕಾಡಿಗೆ ಮಗನನ್ನು ಕರೆದುಕೊಂಡು ಹೋಗಿ. ನಿಮಗೆ ದೂರವಲ್ಲ. ಅಲ್ಲಿ ರಾಮಪತ್ರೆ ಜಾತಿಯ ಮರಗಳು ಹಳ್ಳದ ಜೌಗಿನಲ್ಲೇ, ಬೇರುಗಳನ್ನು ಮಂಡಿಯಂತೆ ಮೇಲೆತ್ತಿಕೊಂಡು ನಿಂತಿವೆ. ಆ ಬೇರಿನ ಜಾಲದ ನಡುವೆ ನೀರು ಮೆಲ್ಲಗೆ ಹೋಗುವುದನ್ನು ಅವನು ಕಣ್ಣಾರೆ ನೋಡಲಿ, ಗೋಡೆಯ ಮಾತು ಆಮೇಲೆ ಆಡೋಣ. ದಂಡೆಯ ಫೋಟೊ ಕಳಿಸಿ, ಯಾವ ಕಲ್ಲು ಎಲ್ಲಿ ಅಂತ ಗುರುತು ಹಾಕಿ ಕೊಡುತ್ತೇನೆ.